ಪೊರ್ಬುಗಳ ಸೊನ್ನೆ

ನಮ್ಮೂರಿನ ವಾಲಿಬಾಲ್ ನೆಟ್ಟಿನ ಎರಡು ಕಂಬಗಳೂ ತೆಂಗಿನವಾಗಿದ್ದವು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಎರಡೂ ಅಡಿಕೆಯವು ಎನ್ನುತ್ತಾಳೆ ಅಕ್ಕ. ಮೊನ್ನೆ ಇದೇ ವಿಷಯಕ್ಕೆ ಮಾತು ಬೆಳೆದು, ಕೊನೆಗೆ ಪೆಟ್ಟಿಗೆಯ ತಳದಿಂದ ಹಳೆಯ ನೋಟ್‌ಬುಕ್ ತೆಗೆದು ನೋಡಿದೆವು. ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ, ‘ಮೂಡು ಕಂಬ ತೆಂಗು. ಪಡು ಕಂಬ ಅಡಿಕೆ. ಪಡುವಿನದು ಬಾಗುತ್ತದೆ’ ಎಂದಿತ್ತು. ನೆಟ್ಟು ಯಾಕೆ ಯಾವಾಗಲೂ ಒಂದೇ ಬದಿಗೆ ಜೋತಿರುತ್ತಿತ್ತು ಎಂಬುದು ಇಷ್ಟು ವರ್ಷಗಳ ಮೇಲೆ ತಿಳಿಯಿತು. “ನಾನು ಹೇಳ್ಲಿಲ್ವಾ, ಅಡಿಕೆ ಅಂತ” ಎಂದು ಅಕ್ಕ ತನ್ನ ಅರ್ಧವನ್ನು ಮಾತ್ರ ಓದಿಕೊಂಡು ಒಳಗೆ ಹೋದಳು. ಅಂದಿನಿಂದ ನಾನು ನನ್ನ ನೆನಪನ್ನು ನಂಬುವುದನ್ನು ಕಡಿಮೆ ಮಾಡಿದ್ದೇನೆ. ನೋಟ್‌ಬುಕ್ಕನ್ನು ನಂಬೋಣವೆಂದರೆ ಅದಕ್ಕೂ ಧೈರ್ಯವಿಲ್ಲ. ಅದನ್ನು ನಂಬಿ ಒಮ್ಮೆ ಆದ ಅನಾಹುತವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಮಾಡಿದವನೂ ನಾನೇ.

ಕಾಸರಗೋಡು ಆಗ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾನು ಮದ್ರಾಸಿನಲ್ಲಿ ಗಣಿತ ಓದಿ ಮುಗಿಸಿ, ಅರ್ಜಿಗಳನ್ನು ಹಾಕಿ, ಉತ್ತರಕ್ಕೆ ಕಾಯುತ್ತ ಊರಲ್ಲಿ ಕೂತಿದ್ದೆ. ಊರೆಂದರೆ ಮಧೂರಿಗೂ ಬೆಳ್ಳೂರಿಗೂ ನಡುವೆ ಒಳದಾರಿಯಲ್ಲಿ ಸಿಗುವ ಒಂದು ಬೈಲು. ಸುಗ್ಗಿ ಕೊಯ್ಲು ಮುಗಿದ ಮೇಲೆ ಮಳೆ ಬರುವವರೆಗೆ ಬೈಲಿನ ಒಂದು ಗದ್ದೆ ಖಾಲಿ ಇರುತ್ತಿತ್ತು. ಅಲ್ಲಿ ಕೂಳೆ ಕಿತ್ತು, ನೀರು ಚಿಮುಕಿಸಿ, ನೆಲ ಬಡಿದು, ಸುಣ್ಣದ ಗೆರೆ ಎಳೆದರೆ ವಾಲಿಬಾಲ್ ಅಂಗಳ ತಯಾರು. ನೆಟ್ಟನ್ನು ಕಡಲಿನ ಕಡೆಯ ಮೊಗವೀರರಿಂದ ನೆಯ್ಸಿ ತಂದದ್ದು. ಎಷ್ಟು ಒಣಗಿಸಿದರೂ ಅದರಲ್ಲಿ ಸ್ವಲ್ಪ ಬಂಗುಡೆ ಮೀನಿನ ವಾಸನೆ ಇದ್ದೇ ಇತ್ತು. ಗದ್ದೆಯ ಯಜಮಾನ ನನ್ನ ಬಾಲ್ಯದ ಗೆಳೆಯ. ಊರಿಗೆಲ್ಲ ಅವನು ‘ದಣಿಗಳು’, ನನಗೆ ಮಾತ್ರ ಬರೀ ದಣಿ. ಗದ್ದೆ ಅವನದು, ಚೆಂಡು ಅವನದು, ಚೆಂಡಿಗೆ ಗಾಳಿ ಹಾಕುವ ಸೈಕಲ್ ಪಂಪೂ ಅವನದು. ಆದ್ದರಿಂದ ಕ್ಯಾಪ್ಟನ್ ಯಾರಾಗಬೇಕೆಂಬ ಚರ್ಚೆ ಎಂದೂ ಬರಲಿಲ್ಲ. ಅವನು ನಿಜವಾಗಿಯೂ ಚೆನ್ನಾಗಿ ಹೊಡೆಯುತ್ತಿದ್ದ ಎಂಬುದು ನಮ್ಮ ಅದೃಷ್ಟ.

ನಾವು ಪಕ್ಕದ ಬೈಲಿನವರ ಜೊತೆ ಆಡುತ್ತಿದ್ದದ್ದು ಒಂಬತ್ತು ಜನರ ಆಟ. ಮೂರು ಸಾಲು, ಸಾಲಿಗೆ ಮೂವರು, ಯಾರೂ ಜಾಗ ಬದಲಿಸುವಂತಿಲ್ಲ. ಬದಲಿಸುವಂತಿಲ್ಲ ಎಂಬುದು ನಿಯಮವೋ, ನಮ್ಮೂರಿನವರ ಸ್ವಭಾವವೋ ನನಗೆ ಗೊತ್ತಿಲ್ಲ. ನಿಂತ ಜಾಗ ಎಲ್ಲರಿಗೂ ಗೇಣಿ ಹಕ್ಕಿನಂತೆ ಆಗಿಹೋಗಿತ್ತು. ಮುಂದಿನ ಸಾಲಿನ ಎಡಗಡೆ ದಣಿ. ಎರಡನೆಯ ಸಾಲಿನ ಒಬ್ಬ ಮದುವೆಗೆಂದು ಒಂದು ತಿಂಗಳು ಊರು ಬಿಟ್ಟಿದ್ದಾಗ ಅವನ ಜಾಗ ಖಾಲಿಯೇ ಇತ್ತು. ಅಲ್ಲಿ ಬಿದ್ದ ಚೆಂಡನ್ನು ನಾವು ಎಂಟು ಜನ ಮರ್ಯಾದೆಯಿಂದ ನೋಡುತ್ತ ನಿಲ್ಲುತ್ತಿದ್ದೆವು. ಸರ್ವಿಸ್ ಮಾಡುವವನೂ ಒಬ್ಬನೇ; ಅದು ಅವನ ಹಕ್ಕು. ನನ್ನ ಜಾಗ ಹಿಂದಿನ ಸಾಲಿನ ಬಲ ಮೂಲೆ. ಅದರ ಹಿಂದೆ ಗದ್ದೆಯ ಬದು, ಬದುವಿನ ಆಚೆ ಕೆರೆ. ಕೆರೆಗೆ ಬಿದ್ದ ಚೆಂಡನ್ನು ತರುವುದು ಆ ಜಾಗದವನ ಕರ್ತವ್ಯ. ತಂಡದಲ್ಲಿ ಬೂಟು ಇದ್ದವನು ನಾನೊಬ್ಬನೇ. ಮದ್ರಾಸಿನಲ್ಲಿ ಕೊಂಡ ಬಿಳಿ ಕ್ಯಾನ್ವಾಸ್ ಬೂಟು. ಅದು ಸದಾ ಒದ್ದೆಯಾಗಿರುತ್ತಿತ್ತು.

ಮುಂದಿನ ಸಾಲಿನ ನಡುವೆ ನಿಲ್ಲುವವರು ಪೊರ್ಬುಗಳು. ಕ್ರಿಶ್ಚಿಯನ್ನರಲ್ಲಿ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ. ಮನೆಯಲ್ಲಿ ಕೊಂಕಣಿ, ಬೈಲಿನಲ್ಲಿ ತುಳು, ಆಟದಲ್ಲಿ ಕನ್ನಡ. ನಮಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಕುಳ್ಳಗೆ, ಅಗಲವಾದ ಅಂಗೈ. ಅವರ ಕೆಲಸ ಮನೆಗಳಿಗೆ ಹಂಚು ಹೊದಿಸುವುದು. ಆಟದಲ್ಲಿ ಅವರದು ಚೆಂಡು ಎತ್ತಿಕೊಡುವ ಕೆಲಸ. ನಾವು ಅವರನ್ನು ಲಿಫ್ಟರ್ ಎನ್ನುತ್ತಿದ್ದೆವು. ಘಟ್ಟದ ಮೇಲಿನಿಂದ ಬಂದಿದ್ದ ಶಾಲೆಯ ಡ್ರಿಲ್ ಮಾಸ್ಟರು ‘ಬೂಸ್ಟರ್’ ಎನ್ನಬೇಕೆಂದು ಹಟ ಹಿಡಿಯುತ್ತಿದ್ದರು. ಪೊರ್ಬುಗಳು ಎರಡಕ್ಕೂ ಓಗೊಡುತ್ತಿದ್ದರು.

ಹಂಚು ಹೊದಿಸುವುದನ್ನು ನೋಡಿದವರಿಗೆ ಅವರ ಆಟ ಅರ್ಥವಾಗುತ್ತದೆ. ಕೆಳಗೆ ನಿಂತವನು ಹಂಚನ್ನು ಮೇಲಕ್ಕೆ ಎಸೆಯುತ್ತಾನೆ. ಮಾಡಿನ, ಎಂದರೆ ಛಾವಣಿಯ, ಅಂಚಿನಲ್ಲಿ ಕೂತವನು ಹಿಡಿಯುತ್ತಾನೆ. ಜೋರಾಗಿ ಎಸೆದರೆ ಹಿಡಿಯುವವನ ಬೆರಳು ಹೋಗುತ್ತದೆ, ಮೆಲ್ಲಗೆ ಎಸೆದರೆ ಹಂಚು ಎಸೆದವನ ತಲೆಗೇ ವಾಪಸು. ಸರಿಯಾಗಿ ಎಸೆದ ಹಂಚು ಹಿಡಿಯುವವನ ಕೈಯ ಎತ್ತರಕ್ಕೆ ಹೋಗಿ, ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಅವನು ಮರದಿಂದ ಹಣ್ಣು ತೆಗೆದಂತೆ ತೆಗೆದುಕೊಳ್ಳುತ್ತಾನೆ. ಪೊರ್ಬುಗಳು ಚೆಂಡನ್ನೂ ಹೀಗೆಯೇ ಎತ್ತುತ್ತಿದ್ದರು. ದಣಿ ಹಾರಿದ ಎತ್ತರದಲ್ಲಿ ಚೆಂಡು ಅವನಿಗಾಗಿ ಕಾಯುತ್ತ ನಿಂತಿರುತ್ತಿತ್ತು. ಹಾಗೆಂದು ನನಗೆ ಈಗ ಅನ್ನಿಸುತ್ತದೆ. ಆಗ ನಾನು ಇದನ್ನು ಗಮನಿಸಿರಲಿಲ್ಲ, ಏಕೆಂದರೆ ಆಗ ನಾನು ಅಂಕ ಎಣಿಸುವುದರಲ್ಲಿ ಮುಳುಗಿದ್ದೆ.

ಅದು ನನ್ನ ಯೋಜನೆ. ಮದ್ರಾಸಿನಲ್ಲಿ ಕಲಿತದ್ದನ್ನು ಎಲ್ಲಾದರೂ ಉಪಯೋಗಿಸಬೇಕಲ್ಲ. ದಿನಾ ಆಟ ಮುಗಿದ ಕೂಡಲೇ ಬದುವಿನ ಮೇಲೆ ಕೂತು, ಯಾರು ಎಷ್ಟು ಅಂಕ ತಂದರು ಎಂದು ನೋಟ್‌ಬುಕ್ಕಿಗೆ ಹತ್ತಿಸುತ್ತಿದ್ದೆ. ಕಡೆಗೆ ಚೆಂಡು ಮುಟ್ಟಿ ಅಂಕ ತಂದವನಿಗೆ ಅಂಕ, ಸರಳವಾದ ನಿಯಮ. “ಮನುಷ್ಯ ಮರೆಯುತ್ತಾನೆ, ಉತ್ಪ್ರೇಕ್ಷೆ ಮಾಡುತ್ತಾನೆ. ಅಂಕಿ ಹಾಗಲ್ಲ” ಎಂದು ನಾನು ಹೇಳುತ್ತಿದ್ದೆನಂತೆ. ದಣಿ ಮಾತ್ರ ಪ್ರತಿದಿನ ಬಂದು ತನ್ನ ಮೊತ್ತ ನೋಡಿಕೊಂಡು ಹೋಗುತ್ತಿದ್ದ.

“ಎಷ್ಟಾಯ್ತು ಮಾರಾಯ ಇವತ್ತು?”

“ನಿನ್ನೆಗಿಂತ ಎರಡು ಕಡಿಮೆ.”

“ನೀನು ಕೆರೆಯಲ್ಲಿದ್ದಾಗ ಹೊಡೆದದ್ದು ಸೇರಿಸಿದ್ದೀಯಾ?”

ಹೀಗಿರುವಾಗ ಡ್ರಿಲ್ ಮಾಸ್ಟರು ಒಂದು ದಿನ ಸುದ್ದಿ ತಂದರು. ಉಪ್ಪಳದವರು ಪಂದ್ಯಕ್ಕೆ ಕರೆದಿದ್ದಾರೆ. ಆದರೆ ಆಟ ಒಂಬತ್ತು ಜನರದಲ್ಲ, ಆರು ಜನರದು. ಅಲ್ಲೆಲ್ಲ ಈಗ ಹೊಸ ನಿಯಮ. ಸರ್ವಿಸ್ ಸಿಕ್ಕಿದಾಗಲೆಲ್ಲ ಎಲ್ಲರೂ ಒಂದೊಂದು ಜಾಗ ಮುಂದಕ್ಕೆ ತಿರುಗಬೇಕು, ಸರದಿಯ ಮೇಲೆ ಎಲ್ಲರೂ ಸರ್ವಿಸ್ ಮಾಡಬೇಕು.

“ಎಲ್ಲರೂ ತಿರುಗುವುದಾ?” ಎಂದ ದಣಿ. “ನಾನು ಹಿಂದೆ ಹೋಗಿ ಎಂತ ಮಾಡುದು?”

“ನಿಲ್ಲೋದು” ಎಂದರು ಮಾಸ್ಟರು.

“ನನ್ನ ಗದ್ದೆಯಲ್ಲಿ ನಾನು ಹಿಂದೆ ನಿಲ್ಲುದಾ?”

“ಪಂದ್ಯ ಉಪ್ಪಳದಲ್ಲಿ ದಣಿಗಳೇ. ಗದ್ದೆ ನಿಮ್ಮದಲ್ಲ.”

ಇದು ದಣಿಗೆ ಸಮಾಧಾನ ಕೊಟ್ಟಿತೆಂದು ಕಾಣುತ್ತದೆ, ಒಪ್ಪಿದ. ಉಳಿದ ತೊಡಕೆಂದರೆ, ಮೂವರನ್ನು ಬಿಡಬೇಕು. ಒಬ್ಬನಿಗೆ ಮೊಣಕಾಲು ಬಾತಿತ್ತು. ಇನ್ನೊಬ್ಬ ಬೊಂಬಾಯಿಯ ಹೋಟೆಲು ಕೆಲಸಕ್ಕೆ ಹೊರಟಿದ್ದ. ಮೂರನೆಯವನು ಯಾರು ಎಂದು ನಿರ್ಧರಿಸಲು ದಣಿಯ ಮನೆಯ ಜಗಲಿಯಲ್ಲಿ ಸೇರಿದೆವು. ಯಾರೂ ಯಾರ ಹೆಸರನ್ನೂ ಹೇಳಲು ತಯಾರಿಲ್ಲ. ಎಲ್ಲರೂ ಎದುರಿಗಿದ್ದ ಬೆಲ್ಲ ನೀರನ್ನೇ ನೋಡುತ್ತ ಕೂತರು. ಆಗ ಯಾರೋ ಒಬ್ಬರು ಹೇಳಿದರು: “ಬಿ.ಎ. ಬರೆದದ್ದು ಉಂಟಲ್ಲ, ಅದರಲ್ಲಿ ನೋಡುವ.” ಊರಿಗೆಲ್ಲ ನಾನು ಆಗ ‘ಬಿ.ಎ.’. ಹಾಗೆ ಹೇಳಿದವನು ದಣಿ ಎಂದು ನನ್ನ ನೆನಪು. ಆ ದಿನ ಅತ್ತ ಉಪ್ಪಿನಕಾಯಿ ಕೇಳಲು ಹೋಗಿದ್ದ ಅಕ್ಕ, ಪುಸ್ತಕದ ಮಾತು ಮೊದಲು ಎತ್ತಿದವನು ನಾನೇ ಎನ್ನುತ್ತಾಳೆ. ಅಷ್ಟೇ ಅಲ್ಲ, ಅದರ ಹಿಂದಿನ ಸಂಜೆಯೇ ನಾನು ಬೂಟಿಗೆ ಸುಣ್ಣ ಹಚ್ಚಿ ಒಣಗಲು ಇಟ್ಟಿದ್ದೆನಂತೆ.

ನಾನು ನೋಟ್‌ಬುಕ್ ತೆರೆದು ಓದಿದೆ. ಕೆಳಗಿನಿಂದ ಎರಡನೆಯವನು ನಾನು: ನಾಲ್ಕು ಅಂಕ. ಅದರಲ್ಲಿ ಮೂರು, ಚೆಂಡು ನನ್ನ ತಲೆಗೆ ಬಡಿದು ತಾನಾಗಿ ನೆಟ್ಟು ದಾಟಿ ಹೋದದ್ದು. ಎಲ್ಲರಿಗಿಂತ ಕೆಳಗೆ ಪೊರ್ಬುಗಳು. ಅವರ ಹೆಸರಿನೆದುರು, ಮೊದಲ ದಿನದಿಂದ ಆ ದಿನದವರೆಗೆ, ಸೊನ್ನೆ.

ಅವರು ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಒಂದೂ ಇಲ್ವಾ?”

“ಇಲ್ಲ ಪೊರ್ಬುಗಳೇ.”

“ಅಷ್ಟು ದಿನದಲ್ಲಿ?”

“ಇಲ್ಲ.”

“ಸೊನ್ನೆ ಚಂದ ಬರೆದಿದ್ದೀರಿ” ಎಂದರು. “ಗುಂಡಗೆ ಉಂಟು.”

ಅವರಿಗೆ ಈ ಪಂದ್ಯ ಎಷ್ಟು ಮುಖ್ಯವಾಗಿತ್ತೆಂದು ನಮಗೆಲ್ಲ ಗೊತ್ತಿತ್ತು. ಉಪ್ಪಳ ಅವರ ಹೆಂಡತಿಯ ತವರು. ಅಲ್ಲಿ ಅವರ ಭಾವನಿಗೆ ರೈಲ್ವೆ ಸ್ಟೇಷನ್ನಿನ ಹತ್ತಿರ ದಿನಸಿ ಅಂಗಡಿ. ಹಂಚು ಎಸೆಯುವವನಿಗೆ ತಂಗಿಯನ್ನು ಕೊಟ್ಟ ವಿಷಯವನ್ನು ಭಾವ ಪ್ರತಿ ಕ್ರಿಸ್ಮಸಿಗೂ ಊಟದ ನಡುವೆ ಒಮ್ಮೆ ಎತ್ತುತ್ತಿದ್ದನಂತೆ. ಅದರ ಮೇಲೆ, ನಲವತ್ತು ದಾಟಿದವನು ಹುಡುಗರ ಜೊತೆ ಚೆಂಡಾಡುತ್ತಾನೆಂಬ ಸುದ್ದಿಯೂ ಅಲ್ಲಿಗೆ ಮುಟ್ಟಿತ್ತು. ಪಂದ್ಯದ ಮಾತು ಬಂದ ದಿನವೇ ಪೊರ್ಬುಗಳು ಭಾವನಿಗೆ ಹೇಳಿ ಕಳಿಸಿದ್ದರು: ನೋಡಲು ಬರಬೇಕು, ಎಲ್ಲರನ್ನೂ ಕರೆದುಕೊಂಡು ಬರಬೇಕು.

ಆದರೂ ಅವರನ್ನು ಬಿಡುವುದು ಬೇಡ ಎಂದು ಜಗಲಿಯಲ್ಲಿ ಒಬ್ಬರೂ ಅನ್ನಲಿಲ್ಲ. ಬರೆದಿಟ್ಟದ್ದರ ಎದುರು ಮಾತಾಡುವ ಅಭ್ಯಾಸ ನಮ್ಮೂರಿನಲ್ಲಿ ಇರಲಿಲ್ಲ. ನಾನಾದರೂ ಅನ್ನಬಹುದಿತ್ತು. ಚೆಂಡು ಎತ್ತುವವನಿಗೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲವೆಂದು ಆಗ ನನಗೆ ಹೊಳೆಯಿತೋ, ಹೊಳೆದೂ ಸುಮ್ಮನಿದ್ದೆನೋ? ಹೊಳೆಯಲಿಲ್ಲ ಎಂದು ನೆನಪಿಟ್ಟುಕೊಂಡಿದ್ದೇನೆ. ನನ್ನ ನೆನಪು ಕಂಬದ ವಿಷಯದಲ್ಲೇ ಅರ್ಧ ಎಂದು ಮೇಲೆ ಹೇಳಿದ್ದೇನಷ್ಟೆ.

ಪಂದ್ಯದ ದಿನ ಕಾಸರಗೋಡಿನಿಂದ ರೈಲು ಹತ್ತಿದಾಗ ಪೊರ್ಬುಗಳೂ ಬಂದು ಕೂತರು. ಹೊಸ ಅಂಗಿ, ತೊಡೆಯ ಮೇಲೆ ಮಡಿಸಿದ ಕೊಡೆ. “ಭಾವನನ್ನು ಕರೆದದ್ದು ನಾನಲ್ವಾ? ಕರೆದು ನಾನೇ ಹೋಗದಿದ್ರೆ ಹೇಗೆ?” ಎಂದರು. ಆಮೇಲೆ ಉಪ್ಪಳ ಮುಟ್ಟುವವರೆಗೆ ಕಿಟಕಿಯಲ್ಲಿ ಕಾಣುವ ಮನೆಗಳ ಮಾಡುಗಳನ್ನು ನೋಡಿ, ಯಾವುದರ ಹಂಚು ಸಾಲು ತಪ್ಪಿದೆ ಎಂದು ನಮಗೆ ತೋರಿಸುತ್ತ ಬಂದರು.

ಲಿಫ್ಟರ್ ಇಲ್ಲದೆ ಆಡುವುದು ಹೇಗೆಂದು ನಾವು ಯೋಚಿಸಿಯೇ ಇರಲಿಲ್ಲ. ಅಂಗಳಕ್ಕೆ ಇಳಿಯುವಾಗ ಡ್ರಿಲ್ ಮಾಸ್ಟರು ನನ್ನ ಕಡೆ ನೋಡಿದರು. “ನೀವು ಎತ್ತಿ. ಲೆಕ್ಕ ಕಲಿತವರು. ಚೆಂಡು ಹೋಗೋ ದಾರಿ ನಿಮಗೆ ಗೊತ್ತಿರುತ್ತೆ.”

ಗೊತ್ತಿತ್ತು, ನಿಜವಾಗಿಯೂ ಗೊತ್ತಿತ್ತು. ಮೇಲಕ್ಕೆ ಎಸೆದ ವಸ್ತು ಯಾವ ವಕ್ರದಲ್ಲಿ ಹೋಗುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮೊದಲ ಚೆಂಡು ಬಂತು, ಎತ್ತಿದೆ. ಅದು ನೇರವಾಗಿ ದಣಿಯ ಬೆನ್ನಿಗೆ ಬಿತ್ತು.

“ಏ ಬಿ.ಎ., ಚೆಂಡು ಮೇಲೆ ಹಾಕು ಮಾರಾಯ! ನನ್ನ ಬೆನ್ನಿಗಲ್ಲ!”

ಎರಡನೆಯದು ನೆಟ್ಟಿಗೆ. ಮೂರನೆಯದು ಎಷ್ಟು ಎತ್ತರ ಹೋಯಿತೆಂದರೆ ದಣಿ ಹಾರಿ, ಇಳಿದು, ಸೊಂಟಕ್ಕೆ ಕೈ ಕೊಟ್ಟು ನಿಂತ ಮೇಲೆ ಅದು ಕೆಳಗೆ ಬಂತು.

“ಇದು ಯಾವ ಕಾಲೇಜಿನ ಚೆಂಡು?” ಎಂದು ಪ್ರೇಕ್ಷಕರಲ್ಲಿ ಯಾರೋ ಕೂಗಿದರು.

ಇದರ ಜೊತೆಗೆ ತಿರುಗುವ ಗೊಂದಲ. ಸರ್ವಿಸ್ ಸಿಕ್ಕಿದಾಗೆಲ್ಲ ನಮ್ಮಲ್ಲಿ ಇಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ ತಿರುಗಿ ನಡುವೆ ಡಿಕ್ಕಿ ಹೊಡೆಯುತ್ತಿದ್ದರು. ಅಭ್ಯಾಸಬಲದಿಂದ ಎಲ್ಲರೂ ಮತ್ತೆ ಅವರವರ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತಿದ್ದರು. ರೆಫ್ರಿ ಸೀಟಿ ಊದುತ್ತಿದ್ದ. ಸರ್ವಿಸ್ ಇದ್ದ ಕಡೆಗೆ ಮಾತ್ರ ಅಂಕ ಸಿಗುವ ಕಾಲ ಅದು. ನಮ್ಮ ಸರ್ವಿಸ್ ಬಂದ ವೇಗದಲ್ಲೇ ಹೋಗುತ್ತಿತ್ತು. ಮೂರು ಆಟಗಳ ಪಂದ್ಯದಲ್ಲಿ ಮೊದಲನೆಯದನ್ನು ಸೋಲಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಂಗಳದ ಆ ಬದಿಯಲ್ಲಿ, ಭಾವನ ಪಕ್ಕದಲ್ಲಿ, ಬೆಂಚಿನ ತುದಿಯಲ್ಲಿ ಪೊರ್ಬುಗಳು ಕೂತಿದ್ದರು. ನಾನು ಚೆಂಡು ಎತ್ತಿದಾಗಲೆಲ್ಲ ಅವರ ಎರಡು ಕೈಗಳೂ ತಾವಾಗಿ ಎದ್ದು ಗಾಳಿಯಲ್ಲಿ ಏನನ್ನೋ ಎತ್ತಿ ಇಳಿಯುತ್ತಿದ್ದವು. ಕೊಡೆ ಎರಡು ಸಲ ಕೆಳಗೆ ಬಿತ್ತು. ಭಾವ ಅದನ್ನು ಎತ್ತಿಕೊಡುತ್ತ, ನಮಗೂ ಕೇಳುವಂತೆ ಹೇಳಿದ: “ಇದನ್ನು ನೋಡ್ಲಿಕ್ಕಾ ಅಂಗಡಿ ಮುಚ್ಚಿ ಬರ್ಲಿಕ್ಕೆ ಹೇಳಿದ್ದು? ನಿನ್ನನ್ನು ಇವರೂ ಸೇರಿಸ್ಲಿಲ್ವಾ?”

ಪೊರ್ಬುಗಳು ಕೊಡೆಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ದಣಿ ಬೆವರು ಒರೆಸುತ್ತ ನೇರ ಅವರ ಹತ್ತಿರ ಹೋದ. ನಾವೂ ಹಿಂದೆ ಹೋದೆವು.

“ಪೊರ್ಬುಗಳೇ, ಬನ್ನಿ.”

“ನಾನಾ? ನಾನು ಸೊನ್ನೆ ಅಲ್ವಾ ದಣಿಗಳೇ.”

“ಎಂತ ಸೊನ್ನೆ? ಏಳಿ ಮಾರಾಯ್ರೆ. ಮರ್ಯಾದೆ ಹೋಗ್ತಾ ಉಂಟು.”

“ಇಲ್ಲ. ಬಿ.ಎ.ಯವರು ಹೇಳ್ಲಿ. ಬರೆದದ್ದು ಅವರು.”

ಎಲ್ಲರೂ ನನ್ನನ್ನು ನೋಡಿದರು. ಭಾವನೂ ನೋಡಿದ. ಈ ಸಂದರ್ಭದಲ್ಲಿ ನಾನು ಒಂದು ಒಳ್ಳೆಯ ಮಾತಾಡಿದೆನೆಂದು ಬಹಳ ವರ್ಷ ನಂಬಿದ್ದೆ. ನನ್ನ ಪುಸ್ತಕ ಎಣಿಸಿದ್ದು ಹೊಡೆತಗಳನ್ನು ಮಾತ್ರ, ಹೊಡೆತ ಸಾಧ್ಯವಾಗಿಸಿದ್ದನ್ನಲ್ಲ, ತಪ್ಪು ಪೊರ್ಬುಗಳದ್ದಲ್ಲ, ಪದ್ಧತಿಯದು, ಹೀಗೆ ನಾಲ್ಕೈದು ವಾಕ್ಯ. ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಒಮ್ಮೆ ದಣಿ ಮನೆಗೆ ಬಂದಿದ್ದಾಗ ಅವನೆದುರು ಹೇಳಿಬಿಟ್ಟೆ. ಅವನು ಚಾ ಕುಡಿಯುವುದನ್ನು ನಿಲ್ಲಿಸಿ ನಗತೊಡಗಿದ. “ಎಂತ ಸುಳ್ಳು ಮಾರಾಯ! ನೀನು ಹೇಳಿದ್ದು ಒಂದೇ ಮಾತು. ‘ನನಗೆ ಕಾಲು ನೋಯ್ತಾ ಉಂಟು’ ಅಂತ.”

ಇರಬಹುದು. ಯಾವುದೇ ಆದರೂ ನಾನು ಹೊರಗೆ ಬಂದು ಬೆಂಚಿನಲ್ಲಿ ಭಾವನ ಪಕ್ಕ ಕೂತದ್ದು, ಪೊರ್ಬುಗಳು ಕೊಡೆಯನ್ನು ನನ್ನ ಕೈಗೆ ಕೊಟ್ಟು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಹೋದದ್ದು, ಇವು ನಿಜ. ಕೊಡೆಯ ಹಿಡಿ ಬೆವರಿನಿಂದ ಒದ್ದೆಯಾಗಿತ್ತು. ಇದು ಮಾತ್ರ ಯಾರು ಏನೇ ಹೇಳಿದರೂ ನನಗೆ ನೆನಪಿದೆ.

ಮುಂದೆ ಆದದ್ದನ್ನು ಹೇಗೆ ಹೇಳುವುದು? ಚೆಂಡು ಮೇಲೆ ಹೋಗಿ ನಿಂತಿತು, ದಣಿ ಹೊಡೆದ. ಮತ್ತೆ ನಿಂತಿತು, ಮತ್ತೆ ಹೊಡೆದ. ಪೊರ್ಬುಗಳು ತಮ್ಮ ಸರದಿ ಹಿಂದಿನ ಸಾಲಿಗೆ ಬಂದಾಗಲೂ ಸರ್ವಿಸ್ ಆದ ಕೂಡಲೇ ಮುಂದಕ್ಕೆ ಓಡಿಹೋಗಿ ಎತ್ತುತ್ತಿದ್ದರು. ಒಬ್ಬೊಬ್ಬನಿಗೆ ಒಂದೊಂದು ಎತ್ತರ. ಉದ್ದದವನಿಗೆ ಉದ್ದ, ಗಿಡ್ಡನಿಗೆ ಗಿಡ್ಡ, ಅವಸರದವನಿಗೆ ಅವಸರದ್ದು. ಮೊದಲ ಬಾರಿ ನಾನು ಹೊರಗೆ ಕೂತು ನಮ್ಮ ಆಟ ನೋಡುತ್ತಿದ್ದೆ. ಅಲ್ಲಿಯವರೆಗೆ ಬೇಸರದಿಂದ ಅಲ್ಲಾಡುತ್ತಿದ್ದ ಭಾವನ ಕಾಲು ನಿಂತಿತ್ತು.

ಆಮೇಲೆ ಪೊರ್ಬುಗಳ ಸರ್ವಿಸ್ ಬಂತು.

ಹುಟ್ಟಿದಂದಿನಿಂದ ಅವರು ಸರ್ವಿಸ್ ಮಾಡಿದವರಲ್ಲ. ಗೆರೆಯ ಹಿಂದೆ ಹೋಗಿ ನಿಂತರು. ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮೇಲೆ ಮಾಡಿ, ಎಸೆದರು. ಅಷ್ಟು ಚಂದದ ಎಸೆತವನ್ನು ನಾನು ಮತ್ತೆ ನೋಡಿಲ್ಲ. ಚೆಂಡು ನೆಟ್ಟಗೆ ಮೇಲೆ ಹೋಯಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು. ಪೊರ್ಬುಗಳು ಎರಡು ಹೆಜ್ಜೆ ಹಿಂದೆ ಸರಿದು, ಯಾರಾದರೂ ಬಂದು ಹೊಡೆಯಲಿ ಎಂದು ದಾರಿ ಬಿಟ್ಟು ನಿಂತರು.

ಯಾರೂ ಬರಲಿಲ್ಲ. ಚೆಂಡು ಅವರ ಕಾಲಬುಡದಲ್ಲಿ ಧೊಪ್ಪನೆ ಬಿತ್ತು.

ಉಪ್ಪಳದವರು ನಕ್ಕರು. ನಮ್ಮವರು ನಕ್ಕರು. ರೆಫ್ರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಕ್ಕದ್ದರಿಂದ ಸೀಟಿಯೂ ತುಂಡು ತುಂಡಾಗಿ ಊದಿತು. ನಾನು ಭಾವನನ್ನು ನೋಡಿದೆ. ಅವನು ಮಾತ್ರ ನಗುತ್ತಿರಲಿಲ್ಲ. ಚೆಂಡು ಹೋಗಿ ನಿಂತಿದ್ದ ಆ ಎತ್ತರವನ್ನೇ ನೋಡುತ್ತ ಕೂತಿದ್ದ. “ಹಂಚೂ ಹೀಗೇ ಹಾಕುದು ಅವನು” ಎಂದ, ನನಗೋ ತನಗೋ. “ನಮ್ಮ ಅಂಗಡಿಯ ಮಾಡು ಅವನೇ ಹಾಕಿದ್ದು. ಒಂದು ಹಂಚು ಒಡೀಲಿಲ್ಲ.” ಅದನ್ನು ಪ್ರತಿ ಕ್ರಿಸ್ಮಸಿಗೆ ಹೇಳಿದ್ದನೋ ಇಲ್ಲವೋ ನಾನು ಕೇಳಲಿಲ್ಲ.

ಆ ಎರಡನೆಯ ಆಟ ನಾವು ಗೆದ್ದೆವು, ಅದು ನೋಟ್‌ಬುಕ್ಕಿನಲ್ಲಿದೆ. ಮೂರನೆಯದರ ಪುಟ ಖಾಲಿ. ಕೊಡೆ ಹಿಡಿದುಕೊಂಡು ಕೂಗುತ್ತಿದ್ದವನಿಗೆ ಬರೆಯಲು ಕೈ ಎಲ್ಲಿ? ಗೆದ್ದೆವು ಎನ್ನುತ್ತಾನೆ ದಣಿ. ಸೋತೆವು ಎಂದು ಡ್ರಿಲ್ ಮಾಸ್ಟರು ವರ್ಗವಾಗಿ ಹೋಗುವವರೆಗೂ ಹೇಳುತ್ತಿದ್ದರು. ಪಂದ್ಯದ ಮೇಲೆ ಭಾವ ನಮ್ಮೆಲ್ಲರನ್ನೂ ಮನೆಗೆ ಕರೆದು ಚಾ, ಬನ್ನು ಕೊಟ್ಟದ್ದು, ಪೊರ್ಬುಗಳನ್ನು ಮಾತ್ರ ಒಳಗಿನ ಕುರ್ಚಿಯಲ್ಲಿ ಕೂರಿಸಿದ್ದು ಎಲ್ಲರಿಗೂ ನೆನಪಿದೆ. ಸೋತವರಿಗೆ ಅವನು ಬನ್ನು ಕೊಡುತ್ತಿದ್ದನೇ ಎಂಬುದು ದಣಿಯ ವಾದ.

ಊರಿಗೆ ಬಂದ ಮರುದಿನವೇ ನಾನು ಸ್ಕೇಲು ಹಿಡಿದು ನೋಟ್‌ಬುಕ್ಕಿನಲ್ಲಿ ಹೊಸ ಕಾಲಮ್ ಎಳೆದು, ಮೇಲೆ ‘ಎತ್ತಿಕೊಟ್ಟದ್ದು’ ಎಂದು ಬರೆದು, ಪೊರ್ಬುಗಳಿಗೆ ತೋರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ.

“ಇದೆಲ್ಲ ಯಾಕೆ? ಎಸೆದ ಹಂಚನ್ನು ಯಾರಾದ್ರೂ ಎಣಿಸ್ತಾರಾ? ಮಳೆಗೆ ಮಾಡು ಸೋರ್ತದಾ ಅಂತ ನೋಡ್ತಾರೆ, ಅಷ್ಟೇ.”

“ನಿಮ್ಮ ಹೆಸರಿನೆದುರು ಸೊನ್ನೆ ಇರುವುದು ಸರಿಯಲ್ಲವಲ್ಲ ಪೊರ್ಬುಗಳೇ.”

“ಇರ್ಲಿ. ಭಾವನಿಗೆ ಹೇಳಿದೆ, ಇಡೀ ವರ್ಷ ಆಡಿ ನಾನು ಒಂದೂ ಹೊಡೀಲಿಲ್ಲ, ಎಲ್ಲ ಕೊಟ್ಟದ್ದೇ ಅಂತ. ಅವನಿಗೆ ಆಶ್ಚರ್ಯ ಆಯ್ತು. ಈಗ ನೀವು ಅಳಿಸಿದ್ರೆ ನಾನು ಸುಳ್ಳ ಆಗುದಿಲ್ವಾ?”

ಹೊಸ ಕಾಲಮ್ ಖಾಲಿಯೇ ಉಳಿಯಿತು. ಅದಾಗಿ ಕೆಲವೇ ದಿನಗಳಲ್ಲಿ, ಮಳೆಯ ಮೋಡ ಕಟ್ಟುತ್ತಿದ್ದ ಒಂದು ಸಂಜೆ, ಆ ವರ್ಷದ ಕೊನೆಯ ಆಟ. ಗಾಳಿ ಎದ್ದಿತ್ತು. ಪೊರ್ಬುಗಳು ಎತ್ತಿದ ಚೆಂಡು ದಣಿಯ ಕೈಗೆ ಸಿಗದೆ, ಗಾಳಿಗೆ ತೇಲಿ, ನೆಟ್ಟು ದಾಟಿ ಎದುರಾಳಿಗಳ ನಡುವೆ ಯಾರೂ ಇಲ್ಲದ ಕಡೆ ಬಿತ್ತು. ಅಂಕ! ಎಲ್ಲರೂ ಕೂಗಿದರು. ಪೊರ್ಬುಗಳು ಕೈಯಿಂದ ಹಂಚು ಜಾರಿದವರ ಹಾಗೆ ನಿಂತರು. ಆಟ ಮುಗಿದ ಮೇಲೆ ಬದುವಿನ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು, ಸುತ್ತ ನೋಡಿ, ಮೆಲ್ಲಗೆ ಹೇಳಿದರು: “ಅದು ದಣಿಗಳಿಗೆ ಎತ್ತಿದ್ದು. ದಣಿಗಳ ಹೆಸರಿಗೇ ಹಾಕಿ.”

ನಾನು ಒಪ್ಪಲಿಲ್ಲ, ಅವರ ಹೆಸರಿನೆದುರು ಒಂದು ಎಂದು ಬರೆದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಮೊನ್ನೆ ಕಂಬದ ಜಗಳದ ನಂತರ ಆ ಪುಟವನ್ನೂ ತೆರೆದು ನೋಡಿದೆ. ಪೊರ್ಬುಗಳ ಎದುರು ಇರುವುದು ಸೊನ್ನೆಯೇ, ಗುಂಡಗೆ. ದಣಿಯ ಮೊತ್ತದ ಮೇಲೆ ಒಂದು ಕಲೆ ಇದೆ. ಅಂಕಿ ತಿದ್ದಿದ್ದೋ, ಮಳೆಯ ಹನಿ ಬಿದ್ದದ್ದೋ ಭೂತಗನ್ನಡಿ ಹಿಡಿದರೂ ತಿಳಿಯುವುದಿಲ್ಲ. ಅಕ್ಕನನ್ನು ಕರೆದು ಕೇಳಿದೆ: ಆ ದಿನ ಪೊರ್ಬುಗಳಿಗೆ ಒಂದು ಅಂಕ ಬಂದಿತ್ತಲ್ಲ?

“ಅದೆಲ್ಲ ನನಗೆ ಗೊತ್ತಿಲ್ಲ” ಎಂದಳು. “ಕೊನೆಗೆ ಚೆಂಡು ಕೆರೆಗೆ ಬಿದ್ದದ್ದು ಗೊತ್ತುಂಟು. ನೀನು ಇಳಿದು ಒಂದು ಬೂಟು ಅಲ್ಲೇ ಬಿಟ್ಟು ಬಂದದ್ದು.”

ಅದು ನನಗೆ ಸ್ವಲ್ಪವೂ ನೆನಪಿಲ್ಲ. ಆದರೆ ಆ ಪುಟದ ಕೆಳಗೆ ನನ್ನದೇ ಅಕ್ಷರದಲ್ಲಿ ಬರೆದಿದೆ: ‘ಬೂಟು, ಒಂದು.’